ನೂರಿನ್ನೂರು ಸಾಲಿನ ಕೆಲಸ, ಐದು ವರ್ಷದ ತಿದ್ದುಪಡಿ

ಲಿನಕ್ಸ್ ಕರ್ನಲ್‌ನ ಬಿಪಿಎಫ್ ಜಿಟ್‌ಗೆ ಎಕ್ಸೆಪ್ಷನ್ ಟೇಬಲ್ ಸೇರಿಸಿದ ಪ್ಯಾಚ್‌ಗಳನ್ನು ಸಾಲಾಗಿ ಇಟ್ಟುಕೊಂಡು ಓದಿದರೆ ಒಂದು ವಿಷಯ ತಲೆ ಕೊರೆಯುತ್ತದೆ. ಬಿಪಿಎಫ್ ಎಂದರೆ ಕರ್ನಲ್ ಒಳಗೇ ಪುಟ್ಟ ಪ್ರೋಗ್ರಾಮುಗಳನ್ನು ಓಡಿಸುವ ವ್ಯವಸ್ಥೆ, ಜಿಟ್ ಅವನ್ನು ಸಿಪಿಯುವಿನ ಸ್ವಂತ ಕೋಡ್ ಆಗಿ ತಿರುಗಿಸುವ ಕಂಪೈಲರ್. ಓದಲಾಗದ ವಿಳಾಸ ಮುಟ್ಟಿದಾಗ ಸಿಪಿಯು ಎತ್ತುವ ತಕರಾರೇ ಫಾಲ್ಟ್; ಯಾವ ಇನ್‌ಸ್ಟ್ರಕ್ಷನ್ ಫಾಲ್ಟ್ ಆದರೆ ಏನು ಮಾಡಬೇಕೆಂದು ಬರೆದಿಟ್ಟ ಪಟ್ಟಿ ಎಕ್ಸೆಪ್ಷನ್ ಟೇಬಲ್. ಸಿಪಿಯು ಬಗೆಗಳ (ಆರ್ಕಿಟೆಕ್ಚರ್) ಪೈಕಿ ಎಕ್ಸ್86ಗೆ ಇದು ಬಂದದ್ದು 2019ರ ಅಕ್ಟೋಬರಿನಲ್ಲಿ, 5.5ನೇ ಆವೃತ್ತಿಗೆಂದು. ಆರ್ಮ್64 ಮತ್ತು ಎಸ್390ಗೆ 5.9ರಲ್ಲಿ, ರಿಸ್ಕ್-ವಿ ಮತ್ತು ಪವರ್‌ಪಿಸಿಗೆ 5.16ರಲ್ಲಿ. ಒಂದೊಂದೂ ನೂರಿನ್ನೂರು ಸಾಲಿನ ಕೆಲಸ. ಒಂದನ್ನು ಗಮನವಿಟ್ಟು ಓದಿದವರಿಗೆ ಇನ್ನೊಂದು ತಾನಾಗಿ ಅರ್ಥವಾಗುತ್ತದೆ. ಆದರೂ 2021ರಲ್ಲಿ, 2023ರಲ್ಲಿ, 2024ರಲ್ಲಿ ತಿದ್ದುಪಡಿಗಳು ಬರುತ್ತಲೇ ಇದ್ದವು, ಅದೂ ಕರ್ನಲ್ಲನ್ನೇ ಬೀಳಿಸುವಂಥ ದೋಷಗಳಿಗೆ. ಆ ದೋಷಗಳನ್ನು ಒಂದೊಂದಾಗಿ ನೋಡಿದರೆ ಟೇಬಲ್‌ನೊಳಗೆ ಹುಡುಕುವ ಕೋಡ್ ಎಲ್ಲ ಕಡೆ ಸರಿಯಾಗಿಯೇ ಇತ್ತು. ಎಡವಿದ್ದು ಅದರ ಸುತ್ತಮುತ್ತ: ಯಾವ ಫಾಲ್ಟ್ ಟೇಬಲ್‌ವರೆಗೆ ಬಂದು ತಲುಪುತ್ತದೆ, ತಲುಪಿದಾಗ ಯಾರ ಟೇಬಲ್ ಕೈಗೆ ಸಿಗುತ್ತದೆ, ಅದರಲ್ಲಿ ಬರೆದಿಟ್ಟ ಅಂತರವನ್ನು ಎಲ್ಲಿಂದ ಅಳೆದದ್ದು. ಹೊಸ ಆರ್ಕಿಟೆಕ್ಚರ್‌ಗೆ ಈ ಕೆಲಸ ಮಾಡಲು ಕೂರುವವರು ಈ ಮೂರು ಪ್ರಶ್ನೆಗಳಿಂದ ಶುರುಮಾಡಬೇಕು, ಟೇಬಲ್‌ನಿಂದಲ್ಲ ಎಂಬುದು ನನ್ನ ಅಭಿಪ್ರಾಯ.

(6.7ರಲ್ಲಿ ಬಂದ ಬಿಪಿಎಫ್_ಥ್ರೋ ಬೇರೆಯೇ ಸಂಗತಿ. ಅಲ್ಲಿ ಪ್ರೋಗ್ರಾಮ್ ತಾನಾಗಿ ಕೈಚೆಲ್ಲಿ, ಸ್ಟಾಕ್ ಬಿಚ್ಚಿಕೊಂಡು ಹೊರಬರುತ್ತದೆ. ಇಲ್ಲಿ ಮಾತಾಡುತ್ತಿರುವುದು ಪ್ರೋಗ್ರಾಮ್‌ಗೆ ಸುಳಿವೇ ಸಿಗದಂತೆ ಸಿಪಿಯು ಎತ್ತುವ ಫಾಲ್ಟ್ ಬಗ್ಗೆ.)

## ಜಿಟ್ ಕೊಟ್ಟ ಮಾತು

ಎಫ್‌ಎಂಟ್ರಿ ಥರದ, ಕರ್ನಲ್ ಫಂಕ್ಷನ್ ಶುರುವಾಗುವಲ್ಲಿ ಓಡುವ ಟ್ರೇಸಿಂಗ್ ಪ್ರೋಗ್ರಾಮಿನಲ್ಲಿ ಟಾಸ್ಕ್‌ನಿಂದ ಪೇರೆಂಟ್‌ಗೆ, ಅಲ್ಲಿಂದ ಪಿಐಡಿಗೆ ಬಾಣ (ಪಾಯಿಂಟರ್ ಹಿಡಿದು ಓದುವ ‘->’) ಹಾಕಿಕೊಂಡು ಹೋಗುವುದು ಈಗ ಯಾರಿಗೂ ವಿಶೇಷ ಅನ್ನಿಸುವುದಿಲ್ಲ. ಮೊದಲು ಅಂಥ ಪ್ರತಿ ಬಾಣಕ್ಕೂ ಒಂದು ಪ್ರೋಬ್_ರೀಡ್ ಹೆಲ್ಪರ್ ಕಾಲ್ ಬೇಕಿತ್ತು. ಬಿಟಿಎಫ್ (ಕರ್ನಲ್ ಟೈಪುಗಳ ವಿವರ) ಬಂದಮೇಲೆ ಪಾಯಿಂಟರ್ ಯಾವ ಟೈಪಿನದು ಎಂದು, ಪ್ರೋಗ್ರಾಮ್ ಸುರಕ್ಷಿತವೇ ಎಂದು ಓಡುವ ಮುಂಚೆ ಪರೀಕ್ಷಿಸುವ ವೆರಿಫೈಯರ್‌ಗೆ ಗೊತ್ತಿರುತ್ತದೆ. ಆದರೆ ಓಡುವ ಹೊತ್ತಿಗೆ ಅದು ನಿಜವಾಗಿ ಎಲ್ಲಿಗೆ ತೋರಿಸುತ್ತಿದೆ ಎಂದು ಗೊತ್ತಿರುವುದಿಲ್ಲ. ಆದ್ದರಿಂದ ಅದು ಆ ಲೋಡ್ ಇನ್‌ಸ್ಟ್ರಕ್ಷನ್‌ನ ಮೋಡ್ ಬದಲಿಸಿ ಪ್ರೋಬ್_ಮೆಮ್ ಎಂದು ಗುರುತು ಹಾಕುತ್ತದೆ. ಈ ಮೋಡ್‌ನ ಬೆಲೆ ಹೆಕ್ಸ್‌ನಲ್ಲಿ 20, ಹಳೆಯ ಎಬಿಎಸ್ ಮೋಡ್‌ನದೇ ಬೆಲೆ. ಎಲ್‌ಡಿಎಕ್ಸ್ ವರ್ಗದಲ್ಲಿ ಯಾರೂ ಬಳಸದೆ ಖಾಲಿ ಬಿದ್ದಿತ್ತು, ಅದನ್ನೇ ಎತ್ತಿಕೊಂಡರು. ಗುರುತು ಹಾಕಿದಾಗಲೆಲ್ಲ ನಮ್_ಎಕ್ಸ್‌ಎಂಟ್ರೀಸ್ ಎಂಬ ಎಣಿಕೆ ಒಂದು ಏರುತ್ತದೆ. ಇಷ್ಟಾದ ಮೇಲೆ ಜವಾಬ್ದಾರಿ ಜಿಟ್‌ನದು: ಈ ಲೋಡ್ ಫಾಲ್ಟ್ ಆದರೆ ಡೆಸ್ಟಿನೇಷನ್ ರಿಜಿಸ್ಟರ್‌ನಲ್ಲಿ ಸೊನ್ನೆ ಇಟ್ಟು, ಮುಂದಿನ ಇನ್‌ಸ್ಟ್ರಕ್ಷನ್‌ನಿಂದ ಓಟ ಮುಂದುವರಿಸಬೇಕು. ಇಂಟರ್‌ಪ್ರಿಟರ್ ಇದೇ ಮಾತನ್ನು ಪ್ರೋಬ್_ರೀಡ್_ಕರ್ನಲ್ ಕರೆದು ಉಳಿಸಿಕೊಳ್ಳುತ್ತದೆ. ಪ್ರೋಬ್_ಮೆಮ್ ಅರಿಯದ ಜಿಟ್ ಆ ಪ್ರೋಗ್ರಾಮನ್ನು ಕಂಪೈಲ್ ಮಾಡಲು ಒಲ್ಲೆ ಅನ್ನುತ್ತದೆ, ಕೆಲಸ ಇಂಟರ್‌ಪ್ರಿಟರ್ ಪಾಲಿಗೆ ಬೀಳುತ್ತದೆ. ಜಿಟ್_ಆಲ್ವೇಸ್_ಆನ್ ಹಾಕಿ ಕಟ್ಟಿದ ಕರ್ನಲ್ ಆದರೆ ಪ್ರೋಗ್ರಾಮ್ ಲೋಡ್ ಆಗುವುದೇ ಇಲ್ಲ.

ಈ ಸೊನ್ನೆಯ ಬಗ್ಗೆ ತಕರಾರು ಇದ್ದೇ ಇದೆ. ಪಿಐಡಿ ಸೊನ್ನೆ ಬಂದರೆ ಅದು ನಿಜವಾದ ಸೊನ್ನೆಯೋ, ಓದಲಾಗದೆ ಕೊಟ್ಟ ಸೊನ್ನೆಯೋ ಎಂದು ಪ್ರೋಗ್ರಾಮ್ ಬರೆದವರಿಗೆ ತಿಳಿಯುವುದಿಲ್ಲ. ಹೆಲ್ಪರ್ ಆದರೆ ಎರರ್ ಕೋಡ್ ಕೊಡುತ್ತದೆ. ಆದರೂ ಟ್ರೇಸಿಂಗ್‌ಗೆ ಸೊನ್ನೆಯೇ ಸರಿ ಅನ್ನಿಸುತ್ತದೆ, ಏಕೆಂದರೆ ಸರಪಳಿಯ ನಡುವೆ ಒಂದು ಕೊಂಡಿ ನಲ್ ಆದರೆ ಉಳಿದ ಬಾಣಗಳೆಲ್ಲ ಸೊನ್ನೆಯನ್ನೇ ಸಾಗಿಸಿಕೊಂಡು ಹೋಗುತ್ತವೆ, ಪ್ರತಿ ಹೆಜ್ಜೆಗೂ ನಲ್ ಪರೀಕ್ಷೆ ಬರೆಯುವ ಕಾಟ ತಪ್ಪುತ್ತದೆ. ವ್ಯತ್ಯಾಸ ತಿಳಿಯಲೇಬೇಕಾದವರು ಆ ಒಂದು ಜಾಗದಲ್ಲಿ ಹೆಲ್ಪರ್ ಕರೆದುಕೊಳ್ಳಲಿ.

## ಟೇಬಲ್‌ನ ಜಾಗ

ಇದನ್ನು ಆರ್ಮ್64ನಲ್ಲಿ ನೋಡುವುದು ಸುಲಭ, ಎಲ್ಲ ಇನ್‌ಸ್ಟ್ರಕ್ಷನ್ನೂ 4 ಬೈಟ್ ಆದ್ದರಿಂದ. ಮೊದಲ ಪಾಸ್‌ನಲ್ಲಿ ಇಮೇಜ್ ಇರುವುದಿಲ್ಲ, ಬರೀ ಎಣಿಕೆ. ಕೋಡ್‌ನ ಉದ್ದ ಎಷ್ಟೆಂದು ತಿಳಿಯುತ್ತದೆ. ಅದಕ್ಕೆ ಅಲೈನ್‌ಮೆಂಟ್ ಸೇರಿಸಿ, ಅದರ ಬೆನ್ನಿಗೆ ನಮ್_ಎಕ್ಸ್‌ಎಂಟ್ರೀಸ್ ಗುಣಿಸು ಎಂಟ್ರಿಯ ಅಳತೆಯಷ್ಟು ಜಾಗ ಕೂಡಿಸಿ, ಒಂದೇ ಏಟಿಗೆ ಮೆಮೊರಿ ತೆಗೆದುಕೊಳ್ಳುತ್ತಾರೆ. ಒಂದು ಎಂಟ್ರಿ 12 ಬೈಟ್: ಫಾಲ್ಟ್ ಆಗಬಹುದಾದ ಇನ್‌ಸ್ಟ್ರಕ್ಷನ್‌ಗೆ 4, ಫಿಕ್ಸಪ್‌ಗೆ (ಫಾಲ್ಟ್ ಆದರೆ ಮಾಡಬೇಕಾದ ರಿಪೇರಿಯ ವಿವರ) 4, ಟೈಪ್‌ಗೆ 2, ಡೇಟಾಗೆ 2. ನೂರು ಪ್ರೋಬ್ ಲೋಡ್ ಇರುವ ದೊಡ್ಡ ಪ್ರೋಗ್ರಾಮಿಗೂ 1,200 ಬೈಟ್ ಸಾಕು. ಎರಡನೇ ಪಾಸ್‌ನಲ್ಲಿ ನಿಜವಾದ ಲೋಡ್ ಬರೆದ ತಕ್ಷಣ ಆ್ಯಡ್_ಎಕ್ಸೆಪ್ಷನ್_ಹ್ಯಾಂಡ್ಲರ್ ಕರೆದು ಮುಂದಿನ ಖಾಲಿ ಎಂಟ್ರಿ ತುಂಬುತ್ತಾರೆ. ಟೇಬಲ್‌ನಲ್ಲಿ ಹುಡುಕುವುದು ಬೈನರಿ ಸರ್ಚ್ ಆದ್ದರಿಂದ ಎಂಟ್ರಿಗಳು ವಿಳಾಸದ ಕ್ರಮದಲ್ಲಿ ಇರಲೇಬೇಕು; ಜಿಟ್ ಕೋಡನ್ನು ಮೇಲಿನಿಂದ ಕೆಳಕ್ಕೆ ಕ್ರಮವಾಗಿಯೇ ಬರೆಯುವುದರಿಂದ ಸಾರ್ಟ್ ಮಾಡುವ ಗೋಜಿಲ್ಲ.

ಫಿಕ್ಸಪ್‌ನ 32 ಬಿಟ್‌ಗಳನ್ನು ಮೊದಲು ಬಳಸಿದ್ದ ರೀತಿ ಜಾಣತನದ್ದು. ಕೆಳಗಿನ 27 ಬಿಟ್ ಅಂತರಕ್ಕೆ, ಮೇಲಿನ 5 ಬಿಟ್ ರಿಜಿಸ್ಟರ್ ನಂಬರಿಗೆ. ಟೇಬಲ್ ಯಾವಾಗಲೂ ಕೋಡ್‌ನ ನಂತರವೇ ಕೂರುವುದರಿಂದ ಅಂತರ ಎಂದೂ ಒಂದೇ ದಿಕ್ಕಿನದು, ಚಿಹ್ನೆಗೆ ಬಿಟ್ ಬೇಡ. 27 ಬಿಟ್ ಎಂದರೆ 128 ಎಂಬಿ, ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು. ಫಾಲ್ಟ್ ಆದಾಗ ಹ್ಯಾಂಡ್ಲರ್ ಆ 5 ಬಿಟ್ ಓದಿ, ಆ ಹೊತ್ತಿನ ರಿಜಿಸ್ಟರುಗಳನ್ನು ಉಳಿಸಿಟ್ಟ ಪಿಟಿ_ರೆಗ್ಸ್‌ನಲ್ಲಿ ಆ ರಿಜಿಸ್ಟರನ್ನು ಸೊನ್ನೆ ಮಾಡುತ್ತಿತ್ತು, ಪಿಸಿಯನ್ನು (ಓಟ ನಿಂತಿರುವ ಜಾಗದ ವಿಳಾಸ) ಅಂತರದ ಲೆಕ್ಕದಿಂದ ಮುಂದಕ್ಕೆ ಇಡುತ್ತಿತ್ತು, ಮುಗಿಯಿತು. ರಿಸ್ಕ್-ವಿ ಇದನ್ನೇ ಎತ್ತಿಕೊಂಡಿದೆ. ಎಕ್ಸ್86 ಅಂತರದ ಬದಲು ಲೋಡ್ ಇನ್‌ಸ್ಟ್ರಕ್ಷನ್‌ನ ಉದ್ದವನ್ನೇ ಕೆಳಗಿನ 8 ಬಿಟ್‌ನಲ್ಲಿಟ್ಟು, ಅದರ ಮೇಲೆ ಪಿಟಿ_ರೆಗ್ಸ್‌ನೊಳಗೆ ಆ ರಿಜಿಸ್ಟರ್ ಎಲ್ಲಿದೆ ಎಂಬ ಆಫ್‌ಸೆಟ್ ಇಡುತ್ತದೆ.

ಪವರ್‌ಪಿಸಿ ಬೇರೆ ದಾರಿ ಹಿಡಿಯಿತು. ಅದರ ಎಂಟ್ರಿಯಲ್ಲಿ ಟೈಪ್ ಎಂಬ ಜಾಗವೇ ಇಲ್ಲ, ಇನ್‌ಸ್ಟ್ರಕ್ಷನ್ ಮತ್ತು ಫಿಕ್ಸಪ್ ಎರಡೇ. ಹಾಗಾಗಿ ಕೋಡ್‌ಗೂ ಟೇಬಲ್‌ಗೂ ನಡುವೆ ಒಂದು ಫಿಕ್ಸಪ್ ಭಾಗ ಇಟ್ಟು, ಪ್ರತಿ ಲೋಡ್‌ಗೂ ಅಲ್ಲಿ ಪುಟ್ಟ ಕೋಡ್ ಬರೆಯುತ್ತದೆ: 64 ಬಿಟ್‌ನಲ್ಲಿ ಎರಡು ಇನ್‌ಸ್ಟ್ರಕ್ಷನ್, ರಿಜಿಸ್ಟರ್ ಸೊನ್ನೆ ಮಾಡು, ವಾಪಸ್ ಜಿಗಿ. 32 ಬಿಟ್‌ನಲ್ಲಿ ಮೂರು, ಏಕೆಂದರೆ ಬಿಪಿಎಫ್‌ನ ಒಂದು ರಿಜಿಸ್ಟರ್ ಅಲ್ಲಿ ಎರಡು ರಿಜಿಸ್ಟರ್ ಜೋಡಿ. 32 ಬಿಟ್‌ನಲ್ಲಿ ಇನ್ನೊಂದು ಗಂಟೂ ಇದೆ. 8 ಬೈಟ್‌ನ ಒಂದು ಬಿಪಿಎಫ್ ಲೋಡ್ ಅಲ್ಲಿ ಎರಡು ಲೋಡ್ ಆಗಿ ಒಡೆಯುತ್ತದೆ, ವೆರಿಫೈಯರ್ ಎಣಿಸಿಕೊಟ್ಟಿರುವುದು ಮಾತ್ರ ಒಂದೇ ಎಂಟ್ರಿ. ಆದ್ದರಿಂದ ಎಂಟ್ರಿಯನ್ನು ಮೊದಲ ಲೋಡ್‌ಗೆ ಕಟ್ಟಿ, ಜಿಗಿತವನ್ನು ಎರಡೂ ದಾಟುವಂತೆ 4 ಬೈಟ್ ಹೆಚ್ಚಿಸುತ್ತಾರೆ. ಹೊಸ 32 ಬಿಟ್ ಜಿಟ್‌ಗೆ ಕೈಹಾಕುವವರು ಮೊದಲು ಓದಬೇಕಾದದ್ದು ಇದನ್ನೇ.

## ಎಲ್ಲಿಂದ ಅಳೆದದ್ದು

ಈಗ ದೋಷಗಳಿಗೆ ಬರೋಣ. 2021ರ ಫೆಬ್ರವರಿಯಲ್ಲಿ ಅಲೆಕ್ಸೀ ಸ್ಟಾರೊವೊಯ್ಟೊವ್ ಎಕ್ಸ್86 ಜಿಟ್‌ಗೆ ಒಂದು ಬದಲಾವಣೆ ತಂದರು: ಪ್ರೋಬ್ ಲೋಡ್‌ಗೆ ಮುಂಚೆಯೇ ಪಾಯಿಂಟರ್ ಪರೀಕ್ಷಿಸಿ, ನಲ್ ಆದರೆ ಲೋಡ್ ಮಾಡದೆ ಸೊನ್ನೆ ಇಟ್ಟು ಮುಂದೆ ಹೋಗುವುದು. ನಲ್ ಬಂದಾಗಲೆಲ್ಲ ಯೂಸರ್ ವಿಳಾಸದ (ಕರ್ನಲ್ ಹೊರಗಿನ ಸಾಮಾನ್ಯ ಪ್ರೋಗ್ರಾಮುಗಳ ಮೆಮೊರಿ) ಫಾಲ್ಟ್ ದಾರಿಗೆ ಹೋಗಿ ಬರುವುದು ಬೇಡ ಎಂಬ ಕಾರಣಕ್ಕೆ. ಸರಿಯಾದದ್ದೇ. ಆದರೆ ಎಕ್ಸೆಪ್ಷನ್ ಎಂಟ್ರಿಯಲ್ಲಿ ಲೋಡ್‌ನ ಉದ್ದವನ್ನು ಲೆಕ್ಕ ಹಾಕುತ್ತಿದ್ದದ್ದು ಆ ಬಿಪಿಎಫ್ ಇನ್‌ಸ್ಟ್ರಕ್ಷನ್‌ನ ಕೋಡ್ ಶುರುವಾದ ಜಾಗದಿಂದ. ಮೊದಲು ಆ ಜಾಗವೂ ಲೋಡ್ ಇದ್ದ ಜಾಗವೂ ಒಂದೇ ಆಗಿತ್ತು. ಈಗ ಎರಡರ ನಡುವೆ ಪರೀಕ್ಷೆಯ ಕೋಡ್ ಬಂದು ಕೂತಿತು. ಅಳತೆಯ ಗೂಟ ಹಳೆಯ ಬದುವಿನಲ್ಲೇ ಉಳಿಯಿತು. ಉದಾಹರಣೆಗೆ ಪರೀಕ್ಷೆ 20 ಬೈಟ್, ಲೋಡ್ 4 ಬೈಟ್ ಎಂದುಕೊಳ್ಳಿ. ಫಾಲ್ಟ್ ಆದಾಗ ಐಪಿ (ಎಕ್ಸ್86ನಲ್ಲಿ ಪಿಸಿಯ ಹೆಸರು) ನಿಂತಿರುವುದು ಲೋಡ್ ಮೇಲೆ. ಹ್ಯಾಂಡ್ಲರ್ ಅದಕ್ಕೆ 4ರ ಬದಲು 24 ಕೂಡಿಸುತ್ತದೆ. ಮುಂದೆ ಬರುವ ಕೆಲವು ಇನ್‌ಸ್ಟ್ರಕ್ಷನ್‌ಗಳನ್ನು ಹಾರಿ, ಎಲ್ಲೋ ಒಂದರ ಹೊಟ್ಟೆಯೊಳಗೆ ಇಳಿಯುತ್ತದೆ. ಇದು 10 ತಿಂಗಳ ಮೇಲೆ, ಡಿಸೆಂಬರಿನಲ್ಲಿ ಸರಿಹೋಯಿತು: ಲೋಡ್ ಶುರುವಾಗುವ ಜಾಗವನ್ನು ಬೇರೆ ವೇರಿಯಬಲ್‌ನಲ್ಲಿ ಹಿಡಿದಿಟ್ಟು ಅಲ್ಲಿಂದ ಅಳೆದರು. ಅಷ್ಟು ದಿನ ಅಡಗಿ ಕೂರಲು ಕಾರಣವೂ ಆ ಬದಲಾವಣೆಯೇ ಇರಬೇಕು. ಪದೇ ಪದೇ ಬರುವ ಫಾಲ್ಟ್ ಎಂದರೆ ನಲ್. ಅದು ಟೇಬಲ್‌ವರೆಗೆ ಬರುವುದೇ ನಿಂತುಹೋಗಿತ್ತಲ್ಲ.

ರಿಸ್ಕ್-ವಿಯಲ್ಲಿ ಇದೇ ಪ್ರಶ್ನೆ ಇನ್ನೊಂದು ವೇಷದಲ್ಲಿ ಬರುತ್ತದೆ. ಆಫ್‌ಸೆಟ್ 12 ಬಿಟ್‌ಗೆ ಹಿಡಿಸದಿದ್ದರೆ ವಿಳಾಸವನ್ನು ಕಟ್ಟಿಕೊಳ್ಳಲು ಒಂದೆರಡು ಇನ್‌ಸ್ಟ್ರಕ್ಷನ್ ಮೊದಲು ಬರುತ್ತವೆ, ಜತೆಗೆ ಕಂಪ್ರೆಸ್ಡ್ ವಿಸ್ತರಣೆ ಇದ್ದರೆ ಇನ್‌ಸ್ಟ್ರಕ್ಷನ್ 2 ಬೈಟೂ ಆಗಬಹುದು, 4 ಬೈಟೂ ಆಗಬಹುದು. ‘ಈಗಷ್ಟೇ ಬರೆದದ್ದರಿಂದ ಒಂದು ಹಿಂದೆ’ ಎಂಬ ಆರ್ಮ್64ರ ಲೆಕ್ಕ ಅಲ್ಲಿ ನಡೆಯದು. ಲೋಡ್ ಬರೆಯುವ ಮುಂಚೆ, ಬರೆದ ಮೇಲೆ ಎಣಿಕೆ ನೋಡಿ, ವ್ಯತ್ಯಾಸವನ್ನೇ ಹ್ಯಾಂಡ್ಲರ್ ಕಟ್ಟುವ ಫಂಕ್ಷನ್‌ಗೆ ದಾಟಿಸುತ್ತಾರೆ. ಲೋಡ್ ಆದ ಮೇಲೆ ಸೈನ್ ಎಕ್ಸ್‌ಟೆನ್ಷನ್ ಥರದ್ದೇನಾದರೂ ಬರೆಯುವ ಜಿಟ್ ಆದರೆ ಎಂಟ್ರಿಯನ್ನು ಅದಕ್ಕೂ ಮುಂಚೆ ಕಟ್ಟಬೇಕು.

ಎರಡು ಬಫರ್‌ಗಳ ತೊಡಕು ಇನ್ನೂ ಸೂಕ್ಷ್ಮ. ಎಕ್ಸ್86ನಲ್ಲಿ 5.18ರಿಂದ ಹಲವು ಪ್ರೋಗ್ರಾಮುಗಳನ್ನು ಒಂದೇ ದೊಡ್ಡ ಪ್ಯಾಕ್‌ನಲ್ಲಿ ಕೂರಿಸುತ್ತಾರೆ. ಕೊನೆಗೆ ಓಡುವ ಜಾಗ ರೀಡ್-ಓನ್ಲಿ, ಜಿಟ್ ಬರೆಯುವುದು ಬೇರೆ ತಾತ್ಕಾಲಿಕ ಬಫರ್‌ನಲ್ಲಿ, ಮುಗಿದ ಮೇಲೆ ನಕಲು. ಎಂಟ್ರಿಯಲ್ಲಿರುವುದು ಸಾಪೇಕ್ಷ ಅಂತರ ತಾನೆ, ಯಾವ ಬಫರ್ ಆದರೇನು ಎಂದರೆ, ಇನ್‌ಸ್ಟ್ರಕ್ಷನ್ ಮತ್ತು ಎಂಟ್ರಿ ಎರಡರ ವಿಳಾಸವನ್ನೂ ಒಂದೇ ಬಫರ್‌ನಿಂದ ತೆಗೆದುಕೊಂಡರೆ ನಿಜಕ್ಕೂ ಏನೂ ಆಗುವುದಿಲ್ಲ. ಒಂದನ್ನು ಇಲ್ಲಿಂದ, ಇನ್ನೊಂದನ್ನು ಅಲ್ಲಿಂದ ತೆಗೆದುಕೊಂಡರೆ ಎರಡು ಬಫರ್‌ಗಳ ನಡುವಿನ ದೂರ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ದೂರ 32 ಬಿಟ್ ಮೀರಿದರೆ ಪುಣ್ಯ, ಎರರ್ ಬರುತ್ತದೆ. ಮೀರದಿದ್ದರೆ ತಪ್ಪು ಟೇಬಲ್ ಸದ್ದಿಲ್ಲದೆ ಸಿದ್ಧವಾಗುತ್ತದೆ. ಆರ್ಮ್64 ಇದನ್ನು ಚೊಕ್ಕಟವಾಗಿ ಮಾಡುತ್ತದೆ: ಲೆಕ್ಕವೆಲ್ಲ ರೀಡ್-ಓನ್ಲಿ ವಿಳಾಸಗಳಲ್ಲಿ, ಬರೆಯುವ ಕ್ಷಣಕ್ಕೆ ಮಾತ್ರ ಎಂಟ್ರಿಯ ಪಾಯಿಂಟರನ್ನು ತಾತ್ಕಾಲಿಕ ಬಫರ್‌ಗೆ ಸರಿಸುವುದು.

ಎಣಿಕೆಯ ತಪ್ಪುಗಳು ಇದಕ್ಕೆ ಹೋಲಿಸಿದರೆ ಸಾಧು. ಸಬ್‌ಪ್ರೋಗ್ರಾಮ್ ಇದ್ದಾಗ ಪ್ರತಿ ಫಂಕ್ಷನ್ ಎರಡು ಸಲ ಜಿಟ್ ಆಗುತ್ತದೆ, ಎರಡನೇ ಸಲ ಕಾಲ್ ವಿಳಾಸಗಳನ್ನು ತುಂಬಲು. ಆಗ ಎಂಟ್ರಿಯ ಇಂಡೆಕ್ಸನ್ನು ಮತ್ತೆ ಸೊನ್ನೆ ಮಾಡಲು ಮರೆತರೆ ಟೇಬಲ್‌ನ ತುದಿ ದಾಟುತ್ತದೆ. ಆದರೆ ಅದಕ್ಕೆ ವಾರ್ನಿಂಗ್ ಇದೆ, ಲೋಡ್ ನಿಲ್ಲುತ್ತದೆ. ಎಕ್ಸ್86ನಲ್ಲಿ ಎಣಿಕೆ ತಾಳೆಯಾಗದಿದ್ದರೆ ‘ಎಕ್ಸ್‌ಟೇಬಲ್ ಈಸ್ ನಾಟ್ ಪಾಪ್ಯುಲೇಟೆಡ್’ ಎಂದು ಲಾಗ್‌ನಲ್ಲಿ ಬೀಳುತ್ತದೆ. ಹೊಸ ಜಿಟ್ ಬರೆಯುವವರು ಆ ಪರೀಕ್ಷೆಯನ್ನು ಮೊದಲ ದಿನವೇ ಹಾಕಿಕೊಳ್ಳಲಿ.

## ಟೇಬಲ್‌ಗೆ ತಲುಪದ ಫಾಲ್ಟ್

ಟೇಬಲ್ ಎಷ್ಟೇ ಸರಿ ಇರಲಿ, ಪೇಜ್ ಫಾಲ್ಟ್ ಹ್ಯಾಂಡ್ಲರ್ ಅದನ್ನು ತೆರೆದು ನೋಡದಿದ್ದರೆ ಉಪಯೋಗವಿಲ್ಲ. ಎಕ್ಸ್86ನಲ್ಲಿ ಕರ್ನಲ್ ಕೋಡ್ ಯೂಸರ್ ವಿಳಾಸ ಮುಟ್ಟಿ ಫಾಲ್ಟ್ ಆದರೆ, ಎಸ್‌ಮ್ಯಾಪ್ (ಕರ್ನಲ್ ಯೂಸರ್ ಮೆಮೊರಿ ಮುಟ್ಟದಂತೆ ತಡೆಯುವ ಸೌಲಭ್ಯ) ಇರುವ ಸಿಪಿಯುನಲ್ಲಿ ಹ್ಯಾಂಡ್ಲರ್ ಟೇಬಲ್ ನೋಡುವ ಮುಂಚೆಯೇ ಊಪ್ಸ್ (ಕರ್ನಲ್ ಕೆಟ್ಟಿತೆಂಬ ವರದಿ) ಎಂದು ಕೈಯೆತ್ತುತ್ತದೆ. ಅದರ ದೃಷ್ಟಿಯಲ್ಲಿ ಅದು ಸರಿ: ಅನುಮತಿ ಇಲ್ಲದೆ ಯೂಸರ್ ಮೆಮೊರಿ ಮುಟ್ಟುವ ಕರ್ನಲ್ ಕೋಡ್ ಎಂದರೆ ದಾಳಿಯೋ ದೋಷವೋ ಇರಬೇಕು. ಆದ್ದರಿಂದ ವಿಳಾಸ ಯೂಸರ್ ಕಡೆಯದ್ದಲ್ಲ ಎಂದು ಜಿಟ್ಟೇ ಲೋಡ್‌ಗೆ ಮುಂಚೆ ನೋಡಿಕೊಳ್ಳಬೇಕು. ನೋಡುವುದು ಹೇಗೆ ಎಂಬಲ್ಲಿಯೇ ಎರಡು ಸಲ ಮುಗ್ಗರಿಸಿತು.

ಮೊದಲನೆಯದು ಮೈನಸ್ ಎರರ್ ಪಾಯಿಂಟರ್‌ಗಳು. ಕರ್ನಲ್ ಫಂಕ್ಷನ್‌ಗಳು ಪಾಯಿಂಟರ್ ಜಾಗದಲ್ಲಿ ಮೈನಸ್ 22 ಥರದ ಎರರ್ ಕೋಡ್ ಕೊಡುವುದು ಮಾಮೂಲು. ವೆರಿಫೈಯರ್‌ಗೆ ಅದೂ ಪಾಯಿಂಟರ್‌ನಂತೆಯೇ ಕಾಣುತ್ತದೆ. ಮೈನಸ್ 22 ವಿಳಾಸಗಳ ತೀರ ತುದಿಯಲ್ಲಿದೆ, ನೋಡಿದರೆ ಕರ್ನಲ್ ವಿಳಾಸವೇ. ಅದಕ್ಕೆ ಫೀಲ್ಡ್ ಆಫ್‌ಸೆಟ್ 40 ಕೂಡಿಸಿದಿರೋ, 64 ಬಿಟ್ ಸುತ್ತಿಕೊಂಡು 18 ಆಗುತ್ತದೆ. ಪರೀಕ್ಷೆ ಬರೀ ರಿಜಿಸ್ಟರನ್ನು ನೋಡಿದ್ದರೆ ಪಾಸು, ಲೋಡ್ ಹೋಗುವುದು ಯೂಸರ್ ವಿಳಾಸ 18ಕ್ಕೆ. ಇದನ್ನೂ ಅದೇ ಡಿಸೆಂಬರಿನಲ್ಲಿ ಬಿಗಿ ಮಾಡಿದರು.

ಎರಡನೆಯದು ಇನ್ನೂ ಸ್ವಾರಸ್ಯದ್ದು. ಎಕ್ಸ್86ನಲ್ಲಿ ವಿಸಿಸ್‌ಕಾಲ್ ಎಂಬ ಹಳೇ ಪುಟವೊಂದಿದೆ, 64 ಬಿಟ್ ವಿಳಾಸಗಳ ಕೊನೆಯಿಂದ ಸರಿಯಾಗಿ 10 ಎಂಬಿ ಹಿಂದೆ. ಇರುವ ಜಾಗ ಕರ್ನಲ್ ಕಡೆ, ಫಾಲ್ಟ್ ಹ್ಯಾಂಡ್ಲರ್ ಅದನ್ನು ಕಾಣುವುದು ಮಾತ್ರ ಯೂಸರ್ ವಿಳಾಸವೆಂದು. ‘ಯೂಸರ್ ಮಿತಿಗಿಂತ ಮೇಲಿದೆಯೇ’ ಎಂದು ಕೇಳುವ ಪರೀಕ್ಷೆಯನ್ನು ಅದು ಸಲೀಸಾಗಿ ದಾಟಿ, ನಂತರ ಕರ್ನಲ್ ಬೀಳಿಸುತ್ತದೆ. 2024ರ ಏಪ್ರಿಲ್‌ನಲ್ಲಿ ಬಂದ ತಿದ್ದುಪಡಿ ಚಂದವಾಗಿದೆ. ವಿಳಾಸ ಮತ್ತು ಆಫ್‌ಸೆಟ್ ಕೂಡಿಸಿ, ಅದರಿಂದ ವಿಸಿಸ್‌ಕಾಲ್ ವಿಳಾಸ ಕಳೆ. ಯೂಸರ್ ಮಿತಿಯಿಂದಲೂ ಅದನ್ನೇ ಕಳೆ. ಎರಡನ್ನು ಚಿಹ್ನೆಯಿಲ್ಲದೆ ಹೋಲಿಸು. ಹಾಗೆ ಕಳೆದಾಗ ವಿಳಾಸಗಳ ವರ್ತುಲ ತಿರುಗಿ, ತುದಿಯ 10 ಎಂಬಿ ಮತ್ತು ತಳದ ಯೂಸರ್ ಭಾಗ ಒಂದಕ್ಕೊಂದು ಅಂಟಿ ಒಂದೇ ಅಖಂಡ ಪಟ್ಟಿಯಾಗುತ್ತವೆ. ಒಂದೇ ಹೋಲಿಕೆಯಲ್ಲಿ ನಲ್, ಯೂಸರ್ ವಿಳಾಸ, ವಿಸಿಸ್‌ಕಾಲ್, ಮೈನಸ್ 22, ಸುತ್ತಿಕೊಂಡು ಬಂದ 18 ಎಲ್ಲ ಸಿಕ್ಕಿಬೀಳುತ್ತವೆ.

ಬೇರೆ ಆರ್ಕಿಟೆಕ್ಚರ್‌ಗಳ ತೊಂದರೆ ಇನ್ನೊಂದು ಬಗೆಯದು: ಯೂಸರ್ ಆ ವಿಳಾಸದಲ್ಲಿ ಏನಾದರೂ ಮ್ಯಾಪ್ ಮಾಡಿಟ್ಟಿದ್ದರೆ ಫಾಲ್ಟ್ ಆಗದೆ ಅದನ್ನೇ ಓದಿಬಿಡುವ ಅಪಾಯ. ಅದಕ್ಕೆ 2024ರಲ್ಲೇ ವೆರಿಫೈಯರ್ ಮಟ್ಟದಲ್ಲಿ ಕಾವಲು ಹಾಕಿದರು. ವಿಳಾಸವನ್ನು ಬಿಪಿಎಫ್ ತನ್ನ ಒಳಬಳಕೆಗೆ ಇಟ್ಟುಕೊಂಡ ಎಎಕ್ಸ್ ರಿಜಿಸ್ಟರಿಗೆ ತೆಗೆದುಕೊಂಡು, ಆಫ್‌ಸೆಟ್ ಕೂಡಿಸಿ, 32 ಬಿಟ್ ಬಲಕ್ಕೆ ಸರಿಸಿ, ಮಿತಿಯ ಮೇಲಿನ 32 ಬಿಟ್‌ನೊಂದಿಗೆ ಹೋಲಿಸುವುದು. ಹೀಗೆ ಮಾಡಿದರೆ ಮಿತಿಯಿಂದ ಮೇಲೆ 4 ಜಿಬಿಯವರೆಗಿನ ವಿಳಾಸವೂ ತಿರಸ್ಕಾರವಾಗಬಹುದು. ಯೂಸರ್‌ಗೂ ಕರ್ನಲ್‌ಗೂ ನಡುವಿನ ಖಾಲಿ ಜಾಗ ಅದಕ್ಕಿಂತ ಎಷ್ಟೋ ದೊಡ್ಡದು, ನಷ್ಟವಿಲ್ಲ. ಎಸ್390ಯಲ್ಲಿ ಎರಡರ ವಿಳಾಸಲೋಕವೇ ಬೇರೆ ಬೇರೆ, ಅದಕ್ಕೆ ಈ ಕಾವಲು ಹಾಕುವುದಿಲ್ಲ.

## ಯಾರ ಟೇಬಲ್

ನನಗೆ ಅತ್ಯಂತ ಕಿರಿಕಿರಿಯೆನಿಸಿದ ದೋಷ ಜಿಟ್‌ನದ್ದಲ್ಲವೇ ಅಲ್ಲ. ಫಾಲ್ಟ್ ಆದ ವಿಳಾಸ ಯಾವ ಪ್ರೋಗ್ರಾಮಿನದು ಎಂದು ಕರ್ನಲ್ ಒಂದು ಟ್ರೀಯಲ್ಲಿ ಹುಡುಕುತ್ತದೆ, ಸಿಕ್ಕವರ ಟೇಬಲ್ ತೆರೆಯುತ್ತದೆ. ಸಬ್‌ಪ್ರೋಗ್ರಾಮ್‌ಗಳಿದ್ದಾಗ ಮುಖ್ಯ ಪ್ರೋಗ್ರಾಮಿಗೆ 0ನೇ ಫಂಕ್ಷನ್ ಎಂಬ ಒಂದು ಪ್ರತಿ ಇರುತ್ತದೆ. ಜಿಟ್ ಆಗುವುದು ಆ ಪ್ರತಿ, ಟೇಬಲ್ ಹುಟ್ಟುವುದೂ ಅಲ್ಲೇ. ಆಮೇಲೆ ಕೋಡ್‌ನ ವಿಳಾಸವನ್ನು ಮುಖ್ಯ ಪ್ರೋಗ್ರಾಮಿಗೆ ನಕಲು ಮಾಡುತ್ತಾರೆ. ಟೇಬಲ್‌ನ ಪಾಯಿಂಟರ್ ನಕಲು ಮಾಡುತ್ತಿರಲಿಲ್ಲ. ಹೀಗೆ ಒಂದೇ ವಿಳಾಸಕ್ಕೆ ಟ್ರೀಯಲ್ಲಿ ಇಬ್ಬರು ವಾರಸುದಾರರು, ಟೇಬಲ್ ಇದ್ದದ್ದು ಒಬ್ಬರಲ್ಲಿ. ಹುಡುಕಿದಾಗ ಯಾರು ಸಿಗುತ್ತಾರೆ ಎಂಬುದು ಟ್ರೀಯಲ್ಲಿ ಅವರು ಕೂತ ರೀತಿಯ ಮೇಲೆ. ಅದೇ ಪ್ರೋಗ್ರಾಮ್, ಅದೇ ಫಾಲ್ಟ್, ಒಮ್ಮೆ ಸೊನ್ನೆ, ಇನ್ನೊಮ್ಮೆ ಊಪ್ಸ್. 2023ರ ಜೂನ್‌ನಲ್ಲಿ ಸರಿಮಾಡಿದರು: ಟೇಬಲ್‌ನ ಪಾಯಿಂಟರ್ ಮುಖ್ಯ ಪ್ರೋಗ್ರಾಮಿಗೂ ಹೋಗಬೇಕು, ಪ್ರತಿಯ ಹೆಸರು ಟ್ರೀಗೆ ಸೇರಬಾರದು.

## ಪಾಸ್ ಆದರೆ ಸಾಲದು

ಪರೀಕ್ಷೆ ಮಾಡುವಾಗ ಎಕ್ಸ್‌ಹ್ಯಾಂಡ್ಲರ್ ಎಂಬ ಸೆಲ್ಫ್‌ಟೆಸ್ಟ್ ಓಡಿಸಿ ಸಮಾಧಾನ ಪಟ್ಟುಕೊಳ್ಳುವವರಿದ್ದಾರೆ. ಅದು ಹೊಸದಾಗಿ ಹುಟ್ಟಿದ ಟಾಸ್ಕ್‌ನ ಟಾಸ್ಕ್_ವರ್ಕ್ಸ್ ನಲ್ ಇರುವುದನ್ನು ಬಳಸಿಕೊಂಡು, ಅದರಾಚೆಯ ಫಂಕ್ ಓದಿದಾಗ ಸೊನ್ನೆ ಬಂತೇ ಎಂದು ನೋಡುತ್ತದೆ. ಕಾವಲು ಕೋಡ್ ಬಂದಮೇಲೆ ಎಕ್ಸ್86ನಲ್ಲಿ ನಲ್ ಫಾಲ್ಟ್ ಆಗುವುದೇ ಇಲ್ಲ. ಟೇಬಲ್ ಪೂರ್ತಿ ಹಾಳಾಗಿದ್ದರೂ ಈ ಟೆಸ್ಟ್ ಪಾಸ್. ನಿಜವಾದ ಪರೀಕ್ಷೆ ಬಿಪಿಎಫ್_ಟೆಸ್ಟ್‌ಮಾಡ್ ಮಾಡ್ಯೂಲಿನ ರಿಟರ್ನ್_ಪಿಟಿಆರ್ ಫಂಕ್ಷನ್. ಅದು ಬೇಕೆಂದೇ ಕೆಟ್ಟ ಪಾಯಿಂಟರ್‌ಗಳನ್ನು ಒಂದೊಂದಾಗಿ ಕೊಡುತ್ತದೆ: ಸಣ್ಣ ಯೂಸರ್ ವಿಳಾಸ, ದೊಡ್ಡ ಯೂಸರ್ ವಿಳಾಸ, ಮೈನಸ್ 22, 60ನೇ ಬಿಟ್ ಮಾತ್ರ 1 ಇರುವ ನಾನ್-ಕೆನಾನಿಕಲ್ (ಸಿಪಿಯು ಒಪ್ಪದ ರೂಪದ) ವಿಳಾಸ, 30ನೇ ಬಿಟ್ ಮಾತ್ರ 0 ಇರುವ ಕರ್ನಲ್ ವಿಳಾಸ, ಸರಿಯಾದ ವಿಳಾಸ, ವಿಸಿಸ್‌ಕಾಲ್ ಸಹ. ಎಕ್ಸ್86ನಲ್ಲಿ ಇವುಗಳ ಪೈಕಿ ಕಾವಲು ದಾಟಿ ಟೇಬಲ್ ಮುಟ್ಟುವುದು 60ನೇ ಬಿಟ್‌ನದು ಮತ್ತು 30ನೇ ಬಿಟ್‌ನದು ಎರಡೇ. ಅದರಲ್ಲೂ ಮೊದಲನೆಯದು ಪೇಜ್ ಫಾಲ್ಟ್ ಆಗಿ ಬರುವುದಿಲ್ಲ, ಜನರಲ್ ಪ್ರೊಟೆಕ್ಷನ್ ಫಾಲ್ಟ್ ಆಗಿ ಬೇರೆ ಬಾಗಿಲಿನಿಂದ ಬರುತ್ತದೆ. ಜತೆಗೆ ಬಿಪಿಎಫ್‌ಟೂಲ್‌ನಿಂದ ಜಿಟ್ ಆದ ಕೋಡನ್ನು ಡಂಪ್ ಮಾಡಿ, ಲೋಡ್ ಇರುವ ವಿಳಾಸವನ್ನೂ ಎಂಟ್ರಿಯಲ್ಲಿ ಬರೆದ ಅಂತರವನ್ನೂ ಒಮ್ಮೆ ಕೈಯಾರೆ ಕೂಡಿಸಿ ನೋಡುವುದು ಒಳ್ಳೆಯದು. ದೊಡ್ಡ ಆಫ್‌ಸೆಟ್ ಇರುವ ಲೋಡ್ ಒಂದನ್ನು, ಸಬ್‌ಪ್ರೋಗ್ರಾಮಿನೊಳಗಿನ ಲೋಡ್ ಒಂದನ್ನು ಆರಿಸಿಕೊಳ್ಳಿ.

6.9ರಲ್ಲಿ ಅರೀನಾ (ಬಿಪಿಎಫ್ ಪ್ರೋಗ್ರಾಮೂ ಯೂಸರ್ ಪ್ರೋಗ್ರಾಮೂ ಹಂಚಿಕೊಳ್ಳುವ ಮೆಮೊರಿ) ಬಂದ ಮೇಲೆ ಕೆಲಸ ಇನ್ನೊಂದು ಸುತ್ತು ಹಿಗ್ಗಿತು. ಅಲ್ಲಿ ಲೋಡ್ ಮಾತ್ರವಲ್ಲ, ಸ್ಟೋರ್ ಕೂಡ ಫಾಲ್ಟ್ ಆಗಬಹುದು; ಸ್ಟೋರ್‌ಗೆ ಸೊನ್ನೆ ಮಾಡಲು ಡೆಸ್ಟಿನೇಷನ್ ರಿಜಿಸ್ಟರೇ ಇಲ್ಲ, ಸುಮ್ಮನೆ ದಾಟಿ ಹೋಗಬೇಕು. ಇರುವ 5 ಬಿಟ್‌ನಲ್ಲೇ ‘ಯಾವುದನ್ನೂ ಮುಟ್ಟಬೇಡ’ ಎಂದು ಹೇಳಲು ಆರ್ಮ್64 ಬಿಪಿಎಫ್ ಬಳಸದ 5ನೇ ರಿಜಿಸ್ಟರನ್ನು ಗುರುತಾಗಿ ಆರಿಸಿತು. ರಿಸ್ಕ್-ವಿಗೆ 0ಯೇ ಸಾಕಾಯಿತು, ಅಲ್ಲಿ ಆ ರಿಜಿಸ್ಟರ್ ಹೇಗೂ ಸದಾ ಸೊನ್ನೆ. ವಿಳಾಸ ಪರೀಕ್ಷೆಯೂ ಅಲ್ಲಿ ಬೇಡ: 32 ಬಿಟ್ ಅಂಕಿಯನ್ನು ಅರೀನಾದ ಮೊದಲ ವಿಳಾಸಕ್ಕೆ ಕೂಡಿಸುವುದರಿಂದ 4 ಜಿಬಿ ಒಳಗೇ ಇರುತ್ತದೆ, ಇನ್‌ಸ್ಟ್ರಕ್ಷನ್‌ನ 16 ಬಿಟ್ ಆಫ್‌ಸೆಟ್ ಅತ್ತಿತ್ತ ಚಾಚಬಹುದಾದ 32 ಕೆಬಿಗೆ ಎರಡೂ ತುದಿಯಲ್ಲಿ ಅಷ್ಟಷ್ಟೇ ಖಾಲಿ ಜಾಗ ಬಿಟ್ಟಿದ್ದಾರೆ. ಫಾಲ್ಟ್ ಆದರೆ ಅದು ಖಂಡಿತ ಕರ್ನಲ್ ವಿಳಾಸದ್ದೇ, ಟೇಬಲ್‌ಗೆ ಬಂದೇ ಬರುತ್ತದೆ.